ಮುದ್ರಕ, ಪ್ರಕಾಶಕ, ಸಂಪಾದಕ: ಜಿಲ್ಲಾ ಪತ್ರಿಕೆಗಳ ಅಳಿವು-ಉಳಿವಿನ ಚರಿತ್ರೆ

ಕನ್ನಡದ ಮೊದಲ ಪತ್ರಿಕೆ ಒಂದು ಊರಿನ ಹೆಸರನ್ನು ಹೊತ್ತು ಹುಟ್ಟಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಿತವಾದ ನಾಲ್ಕು ಪುಟಗಳ ಪಾಕ್ಷಿಕ. ಊರಿನ ವರ್ತಮಾನ, ಸರಕಾರದ ನಿರೂಪಗಳು, ಹೊರನಾಡುಗಳ ಸುದ್ದಿ, ಕಥೆ, ನೀತಿಬೋಧೆ ಇವಿಷ್ಟೂ ಆ ನಾಲ್ಕು ಪುಟಗಳಲ್ಲಿ ಇಕ್ಕಟ್ಟಾಗಿ ಕುಳಿತಿದ್ದವು. ವರ್ಷ ತುಂಬುವ ಮೊದಲೇ, 1844ರಲ್ಲಿ, ಮುದ್ರಣ ಬಳ್ಳಾರಿಗೆ ಸ್ಥಳಾಂತರವಾಯಿತು. ಅಲ್ಲಿ ಅಚ್ಚುಮೊಳೆಗಳ ಅನುಕೂಲವಿತ್ತು. ಹೆಸರೂ ‘ಕನ್ನಡ ಸಮಾಚಾರ’ ಎಂದಾಯಿತು. ಊರು ಹೋಗಿ ಭಾಷೆ ಬಂದಿತು. ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುವಾಗ ಕನ್ನಡ ಪತ್ರಿಕೋದ್ಯಮದ ಜನನವನ್ನು ನೆನೆಯುತ್ತೇವೆ. ಆ ದಿನ ಹುಟ್ಟಿದ್ದು ಒಂದು ಸಣ್ಣ ಸ್ಥಳೀಯ ಪತ್ರಿಕೆ ಎಂಬುದನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ. ದಿನವೊಂದಕ್ಕೆ 25,000 ಪ್ರತಿಗಳವರೆಗೆ ಪ್ರಸಾರವಿರುವುದು ‘ಸಣ್ಣ ಪತ್ರಿಕೆ’ ಎಂಬ ಕೇಂದ್ರ ಸರಕಾರದ ವರ್ಗೀಕರಣವನ್ನು ಹಿಂದಕ್ಕೆ ಅನ್ವಯಿಸಿದರೆ, ಹತ್ತೊಂಬತ್ತನೆಯ ಶತಮಾನದ ನಮ್ಮ ಪತ್ರಿಕೆಗಳೆಲ್ಲವೂ ಸಣ್ಣ ಪತ್ರಿಕೆಗಳೇ.

ಈಗ ಸಭೆ-ಸಮ್ಮೇಳನಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ, ಡಿಜಿಟಲ್ ಯುಗದಲ್ಲಿ ಇಂಥ ಪತ್ರಿಕೆಗಳು ಉಳಿಯುತ್ತವೆಯೇ ಎಂಬುದು. ಚರ್ಚೆ ಬಹುಪಾಲು ಕಾಗದ ಮೇಲೋ ಮೊಬೈಲು ಮೇಲೋ ಎಂಬ ಜಗಳವಾಗಿ ಮುಗಿಯುತ್ತದೆ. ಇತಿಹಾಸವನ್ನು ನೋಡಿದವರಿಗೆ ಈ ಜಗಳ ಅಷ್ಟು ಮುಖ್ಯವೆನಿಸದು. ಸಣ್ಣ ಪತ್ರಿಕೆ ತನ್ನ ಶರೀರವನ್ನು ಈ ನೂರೆಂಬತ್ತು ವರ್ಷಗಳಲ್ಲಿ ಹಲವು ಬಾರಿ ಬದಲಿಸಿದೆ. ಕಲ್ಲಚ್ಚಿನಿಂದ ಸೀಸದ ಮೊಳೆಗೆ, ಕಾಲಲ್ಲಿ ತುಳಿಯುವ ಟ್ರೆಡಲಿನಿಂದ ವಿದ್ಯುತ್ ಯಂತ್ರಕ್ಕೆ, ಅಲ್ಲಿಂದ ಆಫ್‌ಸೆಟ್ಟಿಗೆ, ಡಿಟಿಪಿಗೆ ಅದು ದಾಟಿ ಬಂದಿದೆ. ಪ್ರತಿ ಸಲ ಕೆಲವು ಪತ್ರಿಕೆಗಳು ಸತ್ತವು, ಕೆಲವು ಹುಟ್ಟಿದವು. ಬದಲಾಗದೆ ಉಳಿದವು ಎರಡು. ಒಂದು, ಸುದ್ದಿಗೆ ಒಂದು ಸ್ಥಳವಿರುವುದು. ಇನ್ನೊಂದು, ಆ ಸುದ್ದಿಯ ಕೆಳಗೆ ಒಬ್ಬರ ಹೆಸರೂ ವಿಳಾಸವೂ ಇರುವುದು. ಕಾಗದದ ಚಿಂತೆಯನ್ನು ಬದಿಗಿಟ್ಟು ಈ ಎರಡರ ಗತಿ ಏನಾಯಿತೆಂದು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಜಿಲ್ಲಾ ಕೇಂದ್ರದ ಯಾವುದೇ ದಿನಪತ್ರಿಕೆಯನ್ನು ತೆಗೆದುಕೊಳ್ಳಿ. ಕೊನೆಯ ಪುಟದ ಅಡಿಯಲ್ಲಿ, ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿರುತ್ತದೆ: ಮುದ್ರಕರು, ಪ್ರಕಾಶಕರು, ಸಂಪಾದಕರು, ಮುದ್ರಣಾಲಯದ ಹೆಸರು, ರಸ್ತೆ, ಊರು. ದೊಡ್ಡ ಪತ್ರಿಕೆಗಳಲ್ಲಿ ಇವು ಬೇರೆ ಬೇರೆ ಹೆಸರುಗಳು. ಸಣ್ಣ ಪತ್ರಿಕೆಯಲ್ಲಿ ಮೂರೂ ಒಬ್ಬರೇ. ಹಲವೆಡೆ ವರದಿಗಾರರೂ, ಜಾಹೀರಾತು ಸಂಗ್ರಹಿಸುವವರೂ, ಬೆಳಗಿನ ಜಾವ ಕಟ್ಟು ಕಟ್ಟಿ ಬಸ್ಸಿಗೆ ಹಾಕುವವರೂ ಅವರೇ. ಈ ಸಾಲು ನಮ್ಮ ಸಂಪಾದಕರು ತಾವಾಗಿ ಕಂಡುಕೊಂಡ ಸಂಪ್ರದಾಯವಲ್ಲ. 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆ ಅದನ್ನು ಕಡ್ಡಾಯಗೊಳಿಸಿತು. ಪತ್ರಿಕೆ ನಡೆಸುವವನು ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಸಲ್ಲಿಸಬೇಕು, ಪ್ರತಿ ಸಂಚಿಕೆಯಲ್ಲೂ ಹೆಸರು ಅಚ್ಚು ಹಾಕಬೇಕು. ಬ್ರಿಟಿಷ್ ಸರಕಾರಕ್ಕೆ ಬೇಕಾಗಿದ್ದುದು ಹೊಣೆಗಾರಿಕೆಯ ಆದರ್ಶವಲ್ಲ. ತಪ್ಪಿತಸ್ಥನನ್ನು ಹಿಡಿಯಲು ಬೇಕಾದ ಮನೆಯ ವಿಳಾಸ. ಆದರೆ ಕಣ್ಗಾವಲಿಗೆಂದು ಹುಟ್ಟಿದ ಆ ಸಾಲು ಕಾಲಾಂತರದಲ್ಲಿ ಓದುಗನ ಸೊತ್ತಾಯಿತು. ತನ್ನ ಬಗ್ಗೆ ತಪ್ಪು ಸುದ್ದಿ ಬಂದರೆ ಯಾರ ಬಾಗಿಲು ಬಡಿಯಬೇಕೆಂಬುದು ಪೇಟೆಯ ಅಂಗಡಿಯವನಿಗೂ ತಿಳಿಯಿತು.

ಶಾಸನಗಳನ್ನು ಓದಿ ಅಭ್ಯಾಸವಿರುವವರಿಗೆ ಈ ಸಾಲು ಅಪರಿಚಿತವೆನಿಸದು. ನಮ್ಮ ಎಷ್ಟೋ ಶಿಲಾಶಾಸನಗಳ ಕೊನೆಯಲ್ಲಿ ಸಾಕ್ಷಿಗಳ ಹೆಸರು, ಪಾಠವನ್ನು ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರು ಬರುತ್ತವೆ. ಕೆರೆಯ ಏರಿಯ ಮೇಲೆ, ದೇಗುಲ-ಬಸದಿಗಳ ಅಂಗಳದಲ್ಲಿ, ಯಾರಿಗೆ ಸಂಬಂಧಿಸಿದ ವಿಷಯವೋ ಅವರು ಓಡಾಡುವ ಜಾಗದಲ್ಲಿಯೇ ಕಲ್ಲು ನಿಲ್ಲುತ್ತಿತ್ತು. ದತ್ತಿಯ ಗಡಿ ಯಾವುದು, ಸುಂಕ ಎಷ್ಟು, ಯಾರು ಕೊಟ್ಟರು, ಯಾರೆದುರು ಕೊಟ್ಟರು ಎಂಬುದನ್ನು ಊರಿಗೆ ತಿಳಿಸಿ, ಊರನ್ನೇ ಕಾವಲಿಗಿಟ್ಟ ವ್ಯವಸ್ಥೆ ಅದು. ಶಾಸನವನ್ನು ಪತ್ರಿಕೆಯ ಪೂರ್ವಜನೆಂದು ಕರೆದರೆ ಅತಿಯಾದೀತು. ಆದರೂ ಸಾರ್ವಜನಿಕ ಮಾತಿಗೆ ಒಂದು ನೆಲೆ ಬೇಕು, ಒಂದು ಹೆಸರು ಬೇಕು ಎಂಬ ತಿಳಿವಳಿಕೆ ಈ ನಾಡಿಗೆ ಅಚ್ಚುಯಂತ್ರದೊಡನೆ ಬಂದದ್ದಲ್ಲ.

ಹೆಸರು ಹಾಕುವುದಕ್ಕೆ ಬೆಲೆ ತೆರಬೇಕಾದ ಪ್ರಸಂಗಗಳೂ ಬಂದವು. ‘ತಾತಯ್ಯ’ ಎಂದೇ ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು (1844–1933) ಮೈಸೂರಿನಲ್ಲಿ ‘ವೃತ್ತಾಂತ ಚಿಂತಾಮಣಿ’ ಮೊದಲಾದ ಪತ್ರಿಕೆಗಳನ್ನು ನಡೆಸಿದವರು. ವೃತ್ತಿಯಿಂದ ಉಪಾಧ್ಯಾಯರು, ಸಂಸ್ಥಾನದ ಆಡಳಿತವನ್ನು ಊರಿನ ಹಿರಿಯನ ಧಾಟಿಯಲ್ಲಿ, ಆದರೆ ಹಿಂಜರಿಕೆಯಿಲ್ಲದೆ ಟೀಕಿಸಿದವರು. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಪತ್ರಿಕಾ ಕಾನೂನು ಜಾರಿಗೆ ಬಂದು ಸರಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲವೆಂದಾದಾಗ ತಾತಯ್ಯನವರಂಥವರು ಪತ್ರಿಕೆ ನಿಲ್ಲಿಸುವ ಮೂಲಕ ಪ್ರತಿಭಟಿಸಿದರು. ಇಲ್ಲಿ ನನಗೆ ಕುತೂಹಲಕರವೆನಿಸುವುದು ಸರಕಾರದ ಭಯದ ಪ್ರಮಾಣ. ಆ ಪತ್ರಿಕೆಗಳ ಪ್ರಸಾರ ಇಂದಿನ ಒಂದು ಮಧ್ಯಮ ಗಾತ್ರದ ವಾಟ್ಸ್‌ಆ್ಯಪ್ ಜಾಲಕ್ಕಿಂತ ಹೆಚ್ಚಿರಲಾರದು. ಆದರೂ ಒಂದು ಸಂಸ್ಥಾನ ಅವುಗಳಿಗಾಗಿ ಪ್ರತ್ಯೇಕ ಕಾನೂನು ಮಾಡಿತು. ಮಾತಿನ ತೂಕ ಪ್ರತಿಗಳ ಸಂಖ್ಯೆಯಿಂದ ಬಂದದ್ದಲ್ಲ. ಇಂಥ ಬೀದಿಯ ಇಂಥವರು ಹೀಗೆ ಹೇಳಿದ್ದಾರೆ ಎಂಬುದರಿಂದ ಬಂದದ್ದು.

ಇನ್ನು ಹೊಟ್ಟೆಪಾಡಿನ ವಿಷಯ. ಸಣ್ಣ ಪತ್ರಿಕೆ ಯಾವ ಕಾಲದಲ್ಲಿಯೂ ತನ್ನ ಮುಖಬೆಲೆಯಿಂದ ಬದುಕಿದ್ದಿಲ್ಲ. ಅದನ್ನು ಸಾಕಿದ್ದು ಅದರ ಹಿಂದಿದ್ದ ಮುದ್ರಣಾಲಯ. ಮದುವೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ನಾಟಕ ಕಂಪನಿಯ ಭಿತ್ತಿಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಚುನಾವಣೆ ಬಂದರೆ ಅಭ್ಯರ್ಥಿಗಳ ಮನವಿ, ಇವು ಹಗಲಿನ ಕೆಲಸ. ಸಂಜೆಯಾದ ಮೇಲೆ ಅದೇ ಮೊಳೆಗಳನ್ನು ಜೋಡಿಸುವ ಅದೇ ಕೈಗಳು ಪತ್ರಿಕೆಯ ಪುಟ ಕಟ್ಟುತ್ತಿದ್ದವು. ‘ರ್ಕ’, ‘ಜ್ಞ’ದಂಥ ಸಂಯುಕ್ತಾಕ್ಷರಗಳ ಮೊಳೆ ಸಾಲದಾದಾಗ ವಾಕ್ಯವನ್ನೇ ಬದಲಿಸಿ ಬರೆಯುತ್ತಿದ್ದ ಸಂಪಾದಕರುಂಟು ಎಂದು ಹಳಬರು ಹೇಳುವುದನ್ನು ಕೇಳಿದ್ದೇನೆ. ಕನ್ನಡ ಗದ್ಯಶೈಲಿಯ ಚರಿತ್ರೆಯಲ್ಲಿ ಮೊಳೆಪೆಟ್ಟಿಗೆಗೂ ಒಂದು ಅಡಿಟಿಪ್ಪಣಿ ಸಲ್ಲಬೇಕು. ಡಿಟಿಪಿ ಬಂದಾಗ ಈ ಹಗಲಿನ ದುಡಿಮೆ ಮೊದಲು ಕೈಬಿಟ್ಟಿತು. ಲಗ್ನಪತ್ರಿಕೆಗೆ ಅಚ್ಚುಕೂಟವೇ ಬೇಕೆಂದಿರಲಿಲ್ಲ. ಕಂಪ್ಯೂಟರ್ ಅಂಗಡಿ ಸಾಕಾಯಿತು. ಈಗ ಆಮಂತ್ರಣವೂ ಮೊಬೈಲಿನಲ್ಲಿಯೇ ಬರುತ್ತದೆ. ಅಂತರ್ಜಾಲ ಜಿಲ್ಲಾ ಪತ್ರಿಕೆಯ ಓದುಗನನ್ನು ಮುಟ್ಟುವ ಮೊದಲೇ ಅದರ ಮುದ್ರಣಾಲಯವನ್ನು ಗಣಕಯಂತ್ರ ಸೊರಗಿಸಿತ್ತು.

ಎರಡನೆಯ ಆಸರೆ ಅಂಚೆ. ನೋಂದಾಯಿತ ಪತ್ರಿಕೆಗಳಿಗೆ ಅಂಚೆ ಇಲಾಖೆ ಕೊಡುತ್ತ ಬಂದ ರಿಯಾಯಿತಿ ಉದಾರವಾದದ್ದು: 50 ಗ್ರಾಂ ತೂಕದೊಳಗಿನ ಪ್ರತಿಗೆ 25 ಪೈಸೆ. 2011ರ ಜೂನ್ ಕೊನೆಗೆ 25 ಪೈಸೆಯ ನಾಣ್ಯವೇ ಚಲಾವಣೆಯಿಂದ ಹೋಯಿತು. ನಾಣ್ಯ ಹೋದ ಮೇಲೂ ಅಂಚೆಯ ದರ ಉಳಿಯಿತು. ತಾಲ್ಲೂಕಿನ ಒಳಹಳ್ಳಿಗೆ ವಾರಪತ್ರಿಕೆ ತಲುಪುತ್ತಿದ್ದುದು ಈ ದಾರಿಯಿಂದ. ದಿನಪತ್ರಿಕೆಗಳಿಗೆ ಮೊದಲ ಬಸ್ಸೇ ಗತಿ. ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಸುದ್ದಿ ಆ ಹಳ್ಳಿಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಕಡಿಮೆ ಚರ್ಚೆಯಾದದ್ದು: ಪ್ರಕಟಣೆ. ಹಿಂದೆ ಊರಿಗೆ ವಿಷಯ ತಿಳಿಸಲು ಡಂಗುರ ಸಾರಿಸುತ್ತಿದ್ದರು. ಈ ಡಂಗುರ ನಮ್ಮ ಕಾನೂನಿನಲ್ಲಿ ಇಂದಿಗೂ ಜೀವಂತವಾಗಿದೆ. ಸ್ಥಿರಾಸ್ತಿಯನ್ನು ಜಪ್ತಿ ಮಾಡುವ ಆದೇಶವನ್ನು ಆ ಆಸ್ತಿಯ ಬಳಿ ಡೋಲು ಬಾರಿಸಿ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಅದೇ ಸಂಹಿತೆ, ಪ್ರತಿವಾದಿ ಸಿಗದಿದ್ದಾಗ ಸಮನ್ಸನ್ನು ಪತ್ರಿಕೆಯ ಮೂಲಕ ಜಾರಿ ಮಾಡುವುದಾದರೆ, ಆತ ಕೊನೆಯದಾಗಿ ವಾಸವಾಗಿದ್ದ ಅಥವಾ ವ್ಯಾಪಾರ ನಡೆಸುತ್ತಿದ್ದ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಅದು ಪ್ರಕಟವಾಗಬೇಕು ಎನ್ನುತ್ತದೆ. 2013ರ ಭೂಸ್ವಾಧೀನ ಕಾಯಿದೆಯೂ ಪ್ರಾರಂಭಿಕ ಅಧಿಸೂಚನೆ ಆ ಪ್ರದೇಶದಲ್ಲಿ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ ಬರಬೇಕು, ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು ಎಂದು ವಿಧಿಸುತ್ತದೆ. ಅಂದರೆ, ಒಂದು ಊರಿಗೆ ಒಂದು ಪತ್ರಿಕೆ ಇದೆ, ಅದನ್ನು ಆ ಊರಿನವರು ಓದುತ್ತಾರೆ ಎಂಬ ಊಹೆಯ ಮೇಲೆ ನಮ್ಮ ನ್ಯಾಯವ್ಯವಸ್ಥೆಯ ಒಂದು ಭಾಗ ನಿಂತಿದೆ. ರೈತನ ಎರಡು ಎಕರೆ ಹೋಗುವ ಸುದ್ದಿ ಅವನಿಗೆ ‘ತಲುಪಿತು’ ಎಂದು ಕಾನೂನು ಭಾವಿಸುವುದು ಈ ಊಹೆಯ ಬಲದಿಂದ. ಆ ಪತ್ರಿಕೆ ಇಲ್ಲವಾದರೂ ಕಾನೂನು ‘ತಲುಪಿತು’ ಎಂದೇ ಭಾವಿಸುತ್ತದೆ. ರೈತನಿಗೆ ಮಾತ್ರ ತಲುಪಿರುವುದಿಲ್ಲ.

ಪ್ರಕಟಣೆಯ ಈ ಆದಾಯವೇ ಸಣ್ಣ ಪತ್ರಿಕೆಗಳ ಕೆಡುಕಿನ ಮೂಲವೂ ಆಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಲು ಕಡತಕ್ಕೆ ಬೇಕಾದಷ್ಟೇ ಪ್ರತಿ ಅಚ್ಚು ಹಾಕುವವರು, ಜಾಹೀರಾತು ಕೊಡದ ಅಧಿಕಾರಿಯನ್ನು ಮಾತ್ರ ಭ್ರಷ್ಟನೆಂದು ಕಂಡುಹಿಡಿಯುವವರು ಪ್ರತಿ ಜಿಲ್ಲೆಯಲ್ಲೂ ಸಿಗುತ್ತಾರೆ. ಇಂಥ ಪತ್ರಿಕೆಗಳು ಸತ್ತರೆ ಅಳುವವರಿಲ್ಲ, ಅಳಬೇಕಾಗಿಯೂ ಇಲ್ಲ. ಸರಕಾರದ ನೆರವು ಹೆಚ್ಚಾಗಲಿ ಎಂದು ಪ್ರತಿವರ್ಷ ನಿರ್ಣಯ ಮಾಡುವ ಸಮ್ಮೇಳನಗಳು ಈ ಕಡತದ ಪ್ರತಿಗಳ ಬಗ್ಗೆ ಮೌನವಾಗಿರುವುದು ನನಗೆ ಸರಿಯೆನಿಸಿಲ್ಲ.

ಹಾಗೆಂದು ಎಲ್ಲ ಜಿಲ್ಲಾ ಪತ್ರಿಕೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮಡಿಕೇರಿಯಿಂದ ಬಿ.ಎಸ್. ಗೋಪಾಲಕೃಷ್ಣ ಅವರು 1957ರಲ್ಲಿ ಆರಂಭಿಸಿದ ‘ಶಕ್ತಿ’ಯ ಹುಟ್ಟನ್ನು ಅದರ ಕಾಲದೊಡನೆ ಇಟ್ಟು ನೋಡಬೇಕು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಅದುವರೆಗೆ ಅದಕ್ಕೆ ತನ್ನದೇ ಮುಖ್ಯಮಂತ್ರಿ, 24 ಸದಸ್ಯರ ತನ್ನದೇ ಶಾಸನಸಭೆ ಇದ್ದವು. ಒಂದು ಬೆಳಗಿಗೆ ರಾಜ್ಯವೊಂದು ಜಿಲ್ಲೆಯಾಯಿತು. ಆಡಳಿತದ ಮಾತೆಲ್ಲ ಬೆಂಗಳೂರಿಗೆ ಹೋಯಿತು. ಕೆಲವೇ ತಿಂಗಳಲ್ಲಿ ಜಿಲ್ಲೆಗೆ ತನ್ನದೊಂದು ದಿನಪತ್ರಿಕೆ ಬಂದಿತು. ಈ ಎರಡಕ್ಕೂ ನೇರ ಕಾರ್ಯಕಾರಣ ಸಂಬಂಧ ಹೇಳುವುದು ಬೇಡ. ಆದರೆ ಸಭೆ ಕಳೆದುಕೊಂಡ ನೆಲಕ್ಕೆ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವ ಜಾಗವೊಂದು ಬೇಕಾಗಿತ್ತು ಎಂಬುದನ್ನು ಊಹಿಸಲು ಕಷ್ಟವಿಲ್ಲ. ಮೈಸೂರು-ಬೆಂಗಳೂರುಗಳ ಪತ್ರಿಕೆ ಘಟ್ಟ ಹತ್ತಿ ಬರುವಷ್ಟರಲ್ಲಿ ಹೊತ್ತೇರುತ್ತಿದ್ದ ಮಳೆನಾಡಿನಲ್ಲಿ ಮಳೆಯ ಇಂಚು-ಸೆಂಟುಗಳ ಲೆಕ್ಕ, ಕಾಫಿ-ಮೆಣಸಿನ ಧಾರಣೆ, ಆನೆ ಇಳಿದ ತೋಟ, ಸಾವು-ತಿಥಿಗಳ ಪ್ರಕಟಣೆ ಇವೇ ಮುಖಪುಟಕ್ಕೆ ತಕ್ಕ ವಿಷಯಗಳು. ಹೊರಗಿನವರಿಗೆ ಇವು ಕ್ಷುಲ್ಲಕವೆನಿಸಬಹುದು. ಸಾವಿನ ಸುದ್ದಿ ಒಂದು ದಿನ ತಡವಾದರೆ ಅಂತ್ಯಕ್ರಿಯೆಗೆ ಹೋಗಲಾಗದ ನೆಂಟನಿಗೆ ಅದು ಕ್ಷುಲ್ಲಕವಲ್ಲ.

ಮೈಸೂರಿನದು ಬೇರೆ ಬಗೆ. 1972ರಲ್ಲಿ ಧಾರವಾಡದಲ್ಲಿ ಆರಂಭವಾಗಿ ಮೈಸೂರಿಗೆ ಬಂದು ನೆಲೆಸಿದ ರಾಜಶೇಖರ ಕೋಟಿಯವರ ‘ಆಂದೋಲನ’ ಆ ಕಾಲದ ಸಮಾಜವಾದಿ, ರೈತ, ದಲಿತ ಚಳವಳಿಗಳ ಬಿಸಿಯಲ್ಲಿ ಬೆಳೆಯಿತು. ಉತ್ತರ ಕರ್ನಾಟಕದಿಂದ ಬಂದವರೊಬ್ಬರು ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗುಗಳ ಪತ್ರಿಕೆಯನ್ನು ಕಟ್ಟಿದರು ಎಂಬುದೇ ಗಮನಾರ್ಹ. ಸ್ಥಳೀಯತೆ ಹುಟ್ಟಿನಿಂದ ಬರುವುದಲ್ಲ, ದುಡಿಮೆಯಿಂದ ಬರುವುದು. 1978ರಲ್ಲಿ ಕೆ.ಬಿ. ಗಣಪತಿಯವರು ಅದೇ ನಗರದಿಂದ ಕನ್ನಡದಲ್ಲಿ ‘ಮೈಸೂರು ಮಿತ್ರ’ವನ್ನೂ ಇಂಗ್ಲಿಷಿನಲ್ಲಿ ‘ಸ್ಟಾರ್ ಆಫ್ ಮೈಸೂರ್’ ಎಂಬ ಸಂಜೆ ಪತ್ರಿಕೆಯನ್ನೂ ತಂದರು. ದಾವಣಗೆರೆಯ ‘ಜನತಾವಾಣಿ’ಯೂ ಎಪ್ಪತ್ತರ ದಶಕದ್ದೇ. ಆ ದಶಕ ಜಿಲ್ಲಾ ಪತ್ರಿಕೆಗಳಿಗೆ ಫಲವತ್ತಾದದ್ದು. ಸಾಕ್ಷರತೆ ಬೆಳೆದಿತ್ತು, ಭೂಸುಧಾರಣೆಯ ಅರ್ಜಿಗಳಿಂದ ತಾಲ್ಲೂಕು ಕಚೇರಿಗಳು ತುಂಬಿದ್ದವು, ಹೊಸದಾಗಿ ಓದಿದ ತಲೆಮಾರು ಊರಿನಲ್ಲಿಯೇ ಉಳಿದಿತ್ತು. ರಾಜಧಾನಿಯ ಪತ್ರಿಕೆಗಳಿಗೆ ಜಿಲ್ಲೆಯೆಂದರೆ ಒಳಪುಟದ ಎರಡು ಕಾಲಂ.

ಈ ಉಪೇಕ್ಷೆಯೇ ಸಣ್ಣ ಪತ್ರಿಕೆಗಳ ರಕ್ಷಾಕವಚವಾಗಿತ್ತು. ಅದು ಮುರಿದದ್ದು ಅಂತರ್ಜಾಲದಿಂದಲ್ಲ. 1999ರಲ್ಲಿ ವಿಜಯ ಸಂಕೇಶ್ವರ ಅವರು ‘ವಿಜಯ ಕರ್ನಾಟಕ’ವನ್ನು ಆರಂಭಿಸಿ, ಹಲವು ಊರುಗಳಿಂದ ಏಕಕಾಲಕ್ಕೆ ಅಚ್ಚು ಹಾಕಿ, ಕಡಿಮೆ ಬೆಲೆಗೆ ಕೊಟ್ಟಾಗ ಮುರಿಯಿತು. ಸರಕು ಸಾಗಣೆಯ ಉದ್ಯಮಿ ಪತ್ರಿಕೆಗೆ ಬಂದಾಗ ಮೊದಲು ಗೆಲ್ಲುವುದು ರಸ್ತೆಯನ್ನು. ಉಳಿದ ದೊಡ್ಡ ಪತ್ರಿಕೆಗಳೂ ಆವೃತ್ತಿಗಳನ್ನು ಹೆಚ್ಚಿಸಿದವು, ಜಿಲ್ಲೆಗೊಂದು ಪುಟ ಕೊಟ್ಟವು. ಊರಿನ ಗಣಪತಿ ಉತ್ಸವದ ಚಿತ್ರ ಈಗ ಹದಿನಾರು ಪುಟದ ಬಣ್ಣದ ಪತ್ರಿಕೆಯಲ್ಲಿಯೇ ಬಂದಾಗ, ನಾಲ್ಕು ಪುಟದ ಕಪ್ಪುಬಿಳುಪಿನ ಪತ್ರಿಕೆಯನ್ನು ಬೇರೆಯಾಗಿ ಕೊಳ್ಳುವವರು ಕಡಿಮೆಯಾದರು. ಇದರ ವಿಪರ್ಯಾಸ ಈಚೆಗೆ ಕಾಣುತ್ತಿದೆ. ಖರ್ಚು ಹೆಚ್ಚಾದಾಗ ದೊಡ್ಡ ಪತ್ರಿಕೆ ಮೊದಲು ಕತ್ತರಿಸುವುದು ಈ ಜಿಲ್ಲಾ ಪುಟಗಳನ್ನೇ. ಅಷ್ಟರಲ್ಲಿ ಊರಿನ ಸ್ವಂತ ಪತ್ರಿಕೆ ನಿಂತುಹೋಗಿರುತ್ತದೆ.

ಕಾಗದದ ಖರ್ಚು ಉಳಿದ ಹೊಡೆತ ಕೊಟ್ಟಿತು. 2017ರಲ್ಲಿ ಸುದ್ದಿಕಾಗದಕ್ಕೆ ಶೇ. 5 ಜಿಎಸ್‌ಟಿ ಬಂದಿತು. 2019ರ ಜುಲೈ ಮುಂಗಡಪತ್ರ ಆಮದು ಸುದ್ದಿಕಾಗದಕ್ಕೆ ಶೇ. 10 ಸುಂಕ ಹಾಕಿತು. ಮರುವರ್ಷ ಅದು ಶೇ. 5ಕ್ಕೆ ಇಳಿಯಿತು. ಇಳಿದ ತಿಂಗಳ ಬೆನ್ನಿಗೇ ಕೊರೊನಾ. ಮುಟ್ಟಿದರೆ ರೋಗ ಬರುತ್ತದೆಂಬ ಭಯದಲ್ಲಿ ಮನೆಗಳು ಪತ್ರಿಕೆಯನ್ನು ಬಾಗಿಲ ಹೊರಗೇ ನಿಲ್ಲಿಸಿದವು, ಬಸ್ಸುಗಳು ನಿಂತವು, ಸಭೆ-ಸಮಾರಂಭಗಳಿಲ್ಲದೆ ಜಾಹೀರಾತೂ ನಿಂತಿತು. ಪುಟ ಕಟ್ಟಿ ಪಿಡಿಎಫ್ ಮಾಡಿ ವಾಟ್ಸ್‌ಆ್ಯಪಿಗೆ ಹಾಕುವ ಪದ್ಧತಿ ಸಣ್ಣ ಪತ್ರಿಕೆಗಳಲ್ಲಿ ವ್ಯಾಪಕವಾದದ್ದು ಆಗ. ತಾತ್ಕಾಲಿಕವೆಂದು ಬಿಟ್ಟ ಮುದ್ರಣವನ್ನು ಎಷ್ಟೋ ಮಂದಿ ಮತ್ತೆ ಹಿಡಿಯಲಿಲ್ಲ.

ಅಂತರ್ಜಾಲದಿಂದ ಬದುಕಿದ ಸಣ್ಣ ಪತ್ರಿಕೆಗಳಿಲ್ಲವೆಂದಲ್ಲ. ಮೈಸೂರಿನ ‘ಸುಧರ್ಮಾ’ ಅದಕ್ಕೊಂದು ನಿದರ್ಶನ. ಪಂಡಿತ ಕೆ.ಎನ್. ವರದರಾಜ ಅಯ್ಯಂಗಾರ್ ಅವರು 1970ರಲ್ಲಿ ಆರಂಭಿಸಿದ ಈ ಸಂಸ್ಕೃತ ದಿನಪತ್ರಿಕೆಯನ್ನು ಅವರ ಮಗ ಕೆ.ವಿ. ಸಂಪತ್‌ಕುಮಾರ್ 2021ರಲ್ಲಿ ತೀರಿಕೊಳ್ಳುವವರೆಗೂ ಪತ್ನಿ ಜಯಲಕ್ಷ್ಮಿಯವರೊಡನೆ ನಡೆಸಿದರು. ದಂಪತಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ಸುಧರ್ಮಾ ಬಹುಪಾಲು ಅಂಚೆಯಲ್ಲಿ ಹೋಗುತ್ತಿದ್ದ ಪತ್ರಿಕೆ. ದೇಶದ ಉದ್ದಗಲಕ್ಕೆ ಚದುರಿದ ಸಂಸ್ಕೃತಜ್ಞರೇ ಅದರ ಓದುಗರು. 2009ರಲ್ಲಿ ಅದರ ಇ-ಪತ್ರಿಕೆ ಬಂದಾಗ ಅದಕ್ಕೆ ಕಳೆದುಕೊಳ್ಳುವುದೇನೂ ಇರಲಿಲ್ಲ, ಗಳಿಸುವುದಿತ್ತು. ಏಕೆಂದರೆ ಅದರ ಓದುಗರಿಗೆ ಭಾಷೆಯೊಂದೇ ಊರು. ಜಿಲ್ಲಾ ಪತ್ರಿಕೆಯ ಸ್ಥಿತಿ ತಿರುವುಮುರುವು. ಅದರ ಓದುಗರನ್ನು ಕೂಡಿಸಿದ್ದು ಸ್ಥಳ. ಹೊರದೇಶದಲ್ಲಿ ನೆಲೆಸಿದ ಊರಮಕ್ಕಳು ಜಾಲತಾಣದಲ್ಲಿ ಅದನ್ನು ಪ್ರೀತಿಯಿಂದ ಓದುತ್ತಾರೆ, ನಿಜ. ಆದರೆ ಅವರು ಊರಿನ ಬಟ್ಟೆಯಂಗಡಿಯ ಗಿರಾಕಿಗಳಲ್ಲ. ಅಂಗಡಿಯವನು ಅವರಿಗಾಗಿ ಜಾಹೀರಾತು ಕೊಡುವುದಿಲ್ಲ. ‘ಹೊಸ ಓದುಗರು ಸಿಗುತ್ತಾರೆ’ ಎಂದು ಡಿಜಿಟಲ್ ತಜ್ಞರು ಹೇಳುವ ಸಮಾಧಾನ ಇಲ್ಲಿ ಕುಂಟುತ್ತದೆ.

ಉಳಿದಂತೆ, ಒಂದೊಂದಾಗಿ ಎಲ್ಲವೂ ಹೊರಟವು. ಟೆಂಡರುಗಳು ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಹೋದವು. ಸಾವಿನ ಸುದ್ದಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ, ಅಡಿಕೆಯ ಧಾರಣೆ ಬೆಳೆಗಾರರ ಗುಂಪಿಗೆ, ಅಪಘಾತದ ಚಿತ್ರ ಎಲ್ಲರ ಗುಂಪಿಗೆ. ವೇಗದಲ್ಲಿ ಪತ್ರಿಕೆ ಇದರೊಡನೆ ಸ್ಪರ್ಧಿಸಲಾರದು; ಸ್ಪರ್ಧಿಸಬೇಕೆಂದೂ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಭಾಗದಲ್ಲಿ ಗುಡ್ಡಗಳು ಕುಸಿದಾಗ ಯಾವ ರಸ್ತೆ ತೆರೆದಿದೆ, ಯಾರು ಎಲ್ಲಿದ್ದಾರೆ ಎಂಬುದನ್ನು ಮರುದಿನದ ಪತ್ರಿಕೆಗಾಗಿ ಕಾಯುವುದು ಸಾಧ್ಯವಿರಲಿಲ್ಲ. ಮೊಬೈಲು ಆಗ ಜೀವ ಉಳಿಸುವ ಸಾಧನ. ಅದೇ ಮೊಬೈಲು ವದಂತಿಯ ವಾಹನವೂ ಹೌದು. ಇವೆರಡನ್ನೂ ಬೇರ್ಪಡಿಸುವ ಗುರುತು ಸಂದೇಶದಲ್ಲಿ ಇರುವುದಿಲ್ಲ. ಮುಂದಕ್ಕೆ ತಳ್ಳಿದ ಸಂದೇಶಕ್ಕೆ ಕೊನೆಯ ಪುಟವಿಲ್ಲ; ಆ ಪುಟದ ಅಡಿಯ ಸಾಲಂತೂ ಇಲ್ಲವೇ ಇಲ್ಲ.

ಕಾನೂನು ಈ ನಡುವೆ ಎರಡು ದಾರಿಗಳಲ್ಲಿ ನಡೆಯುತ್ತಿದೆ. 1867ರ ಕಾಯಿದೆಯನ್ನು ತೆಗೆದು ತಂದ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ನಿಲ್ಲುವ ಶ್ರಮ ತಪ್ಪಿ, ಅರ್ಜಿ ಆನ್‌ಲೈನಿನಲ್ಲಿ ಸಲ್ಲುತ್ತದೆ. ಒಳ್ಳೆಯದೇ. ಆದರೆ ಆ ಕಾಯಿದೆ ಅಚ್ಚಾದ ಪತ್ರಿಕೆಯದು. ಡಿಜಿಟಲ್ ಸುದ್ದಿ ಮಾಧ್ಯಮ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಕೆಳಗೆ ಬರುತ್ತದೆ. ಅಲ್ಲಿ ದೂರು ಪರಿಹಾರ ಅಧಿಕಾರಿಯನ್ನು ನೇಮಿಸಬೇಕೆಂಬ ವಿಧಿಯಿದೆ. ಒಬ್ಬನೇ ನಡೆಸುವ ತಾಲ್ಲೂಕು ಮಟ್ಟದ ಯೂಟ್ಯೂಬ್ ವಾಹಿನಿಯಲ್ಲಿ ಆ ಅಧಿಕಾರಿ ಯಾರು? ಅವನೇ. ಒಂದರ್ಥದಲ್ಲಿ ಇದೂ ಹಳೆಯ ಮುದ್ರಕ-ಪ್ರಕಾಶಕ-ಸಂಪಾದಕನೇ. ವ್ಯತ್ಯಾಸವೆಂದರೆ ಹಳಬನ ಹೆಸರು ಓದುಗನ ಕೈಯಲ್ಲಿ ಪ್ರತಿದಿನ ಇರುತ್ತಿತ್ತು. ಇವನದು ಹುಡುಕಿದರೆ ಸಿಕ್ಕೀತು. 1956ರ ನಿಯಮಗಳಂತೆ ಪ್ರತಿವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಎಂಬ ಒಡೆತನದ ವಿವರಣೆ ಅಚ್ಚಾಗುತ್ತಿತ್ತು. ಪತ್ರಿಕೆ ಯಾರದು, ಪಾಲುದಾರರು ಯಾರು ಎಂಬುದನ್ನು ಓದುಗನೆದುರು ಒಪ್ಪಿಸುವ ಲೆಕ್ಕ. ಅದನ್ನು ಯಾರೂ ಓದುತ್ತಿರಲಿಲ್ಲ. ಬೇಕೆಂದಾಗ ಓದಬಹುದಿತ್ತು.

ಸಾಹಿತ್ಯ-ಇತಿಹಾಸಗಳ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡುವುದು ಇದಕ್ಕಿಂತ ನಿಧಾನವಾದ ಇನ್ನೊಂದು ನಷ್ಟ. ವೃತ್ತಿನಾಟಕ ಕಂಪನಿಗಳ ಬಗ್ಗೆ ಸಂಶೋಧನೆಗೆ ತೊಡಗಿದ ವಿದ್ಯಾರ್ಥಿಯೊಬ್ಬನಿಗೆ ಒಂದು ಕಂಪನಿ ಒಂದು ಊರಿನಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಕ್ಯಾಂಪ್ ಹಾಕಿತ್ತು, ಟಿಕೆಟ್ ದರ ಎಷ್ಟಿತ್ತು, ಯಾವ ನಾಟಕ ಎಷ್ಟು ಪ್ರಯೋಗ ಕಂಡಿತು ಎಂಬ ಸಣ್ಣ ಸಂಗತಿಗಳು ಬೇಕಾಗಿದ್ದವು. ಕಲಾವಿದರ ಆತ್ಮಕಥೆಗಳಲ್ಲಿ ಇವು ಇಲ್ಲ. ಇದ್ದರೂ ನೆನಪಿನ ಗೊಂದಲದಲ್ಲಿವೆ. ಸಿಕ್ಕಿದ್ದು ಮುಚ್ಚಿಹೋದ ಒಂದು ಮುದ್ರಣಾಲಯದ ಅಟ್ಟದಲ್ಲಿ, ಗೆದ್ದಲು ಬಿಟ್ಟಷ್ಟು ಉಳಿದ ವಾರಪತ್ರಿಕೆಯ ಕಟ್ಟುಗಳಲ್ಲಿ, ಜಾಹೀರಾತಿನ ಚೌಕಗಳೊಳಗೆ. ಬರಗಾಲದ ಗಂಜಿಕೇಂದ್ರ, ಕೆರೆ ಒಡೆದ ರಾತ್ರಿ, ಊರಿಗೆ ವಿದ್ಯುತ್ ಬಂದ ದಿನ, ದೇವಸ್ಥಾನ ಪ್ರವೇಶದ ತಕರಾರು ಇವೆಲ್ಲಕ್ಕೂ ಇದೇ ಮಾತು. ರಾಜ್ಯದ ಇತಿಹಾಸಕ್ಕೆ ಗೆಜೆಟಿಯರುಗಳಿವೆ, ಕಡತಗಳಿವೆ. ತಾಲ್ಲೂಕಿನ ಇಪ್ಪತ್ತನೆಯ ಶತಮಾನಕ್ಕೆ ಈ ಕಟ್ಟುಗಳೇ ಆಕರ.

‘ಮಂಗಳೂರ ಸಮಾಚಾರ’ದ ಸಂಚಿಕೆಗಳನ್ನು ಇಂದು ನಾವು ನೋಡಬಹುದಾಗಿರುವುದು ಕಾಗದಪತ್ರಗಳನ್ನು ಶ್ರದ್ಧೆಯಿಂದ ಕಾದಿಟ್ಟ ಮಿಷನ್ನಿನ ಶಿಸ್ತಿನಿಂದ. ಗ್ರಂಥಪಾಲಕರಾಗಿಯೂ ದುಡಿದ ಶ್ರೀನಿವಾಸ ಹಾವನೂರರು ‘ಹೊಸಗನ್ನಡದ ಅರುಣೋದಯ’ವನ್ನು ಬರೆಯಲು ಸಾಧ್ಯವಾದದ್ದು ಇಂಥ ಸಂಗ್ರಹಗಳು ಎಲ್ಲೆಲ್ಲೋ ಉಳಿದಿದ್ದರಿಂದ ಮತ್ತು ಅವುಗಳನ್ನು ಹುಡುಕಿ ಹೋಗುವ ಹಟ ಅವರಿಗಿದ್ದುದರಿಂದ. ಆ ಕಾಲದ ಇತರ ಎಷ್ಟೋ ಪತ್ರಿಕೆಗಳು ನಮಗೆ ಹೆಸರುಗಳಷ್ಟೆ. ಕಾನೂನಿನ ದೃಷ್ಟಿಯಲ್ಲಿ ಪತ್ರಿಕೆಗಳೂ ಉಳಿಯಬೇಕಾದವೇ. 1954ರ ಪುಸ್ತಕ ಸಲ್ಲಿಕೆ ಕಾಯಿದೆಗೆ 1956ರಲ್ಲಿ ತಿದ್ದುಪಡಿಯಾಗಿ ಪತ್ರಿಕೆಗಳ ಪ್ರತಿಗಳೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಸಾರ್ವಜನಿಕ ಗ್ರಂಥಾಲಯಗಳಿಗೆ ಹೋಗಬೇಕೆಂದಾಯಿತು. ತಾಲ್ಲೂಕಿನ ವಾರಪತ್ರಿಕೆಯೊಂದು ತಪ್ಪದೆ ಕೋಲ್ಕತ್ತಕ್ಕೆ ಪ್ರತಿ ಕಳಿಸಿತೆಂದು ನಂಬಲು ನನಗೆ ಧೈರ್ಯವಿಲ್ಲ. ಊರಿನ ಸಾರ್ವಜನಿಕ ವಾಚನಾಲಯಗಳಲ್ಲಿಯೂ ಹಳೆಯ ಪತ್ರಿಕೆಗಳನ್ನು ಕೆಲಕಾಲವಿಟ್ಟು ರದ್ದಿಗೆ ಹಾಕುವುದೇ ರೂಢಿ.

ಡಿಜಿಟಲ್ ಬಂದರೆ ಈ ಚಿಂತೆ ತೀರುತ್ತದೆ, ಎಲ್ಲವೂ ಶಾಶ್ವತವಾಗಿ ಉಳಿಯುತ್ತದೆ ಎಂಬ ನಂಬಿಕೆಯಿದೆ. ವಾಸ್ತವ ಹಾಗಿಲ್ಲ. ಡಿಟಿಪಿಯ ಆರಂಭದ ದಶಕಗಳ ಪುಟಗಳು ಪೇಜ್‌ಮೇಕರಿನಲ್ಲಿ, ಶ್ರೀಲಿಪಿ, ಬರಹ, ನುಡಿಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಇವೆ. ಯುನಿಕೋಡ್ ಅಲ್ಲದ ಆ ಕಡತಗಳನ್ನು ಇಂದಿನ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ತೆರೆಯಲು ಕಡತವಿದ್ದರೆ ಅಷ್ಟೆ, ಸಿ.ಡಿ.ಗಳು ಹಾಳಾಗಿವೆ, ಹಾರ್ಡ್‌ಡಿಸ್ಕುಗಳು ಗುಜರಿಗೆ ಹೋಗಿವೆ. ವಾಟ್ಸ್‌ಆ್ಯಪಿನ ಪಿಡಿಎಫಿನ ಆಯುಸ್ಸು ಇನ್ನೂ ಕಡಿಮೆ: ಫೋನಿನಲ್ಲಿ ಜಾಗ ಸಾಲದಾದಾಗ ಮೊದಲು ಅಳಿಸುವುದು ಅದನ್ನೇ. ಜಾಲತಾಣದ ವಾರ್ಷಿಕ ಶುಲ್ಕ ಕಟ್ಟದಿದ್ದರೆ ಹತ್ತು ವರ್ಷಗಳ ಸಂಚಿಕೆಗಳು ಒಂದೇ ರಾತ್ರಿಯಲ್ಲಿ ಇಲ್ಲವಾಗುತ್ತವೆ. ಗೆದ್ದಲು ಕೂಡ ಇಷ್ಟು ಚುರುಕಾಗಿ ಕೆಲಸ ಮಾಡಿದ್ದಿಲ್ಲ.

ಇದಕ್ಕೆ ಪರಿಹಾರ ದುಬಾರಿಯಾದದ್ದೇನಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಡಿ ನಾವೆಲ್ಲ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯ ತನ್ನ ಜಿಲ್ಲೆಯ ಪತ್ರಿಕೆಗಳ ಪಿಡಿಎಫನ್ನು ದಿನವೂ ಪಡೆದು ದಿನಾಂಕದ ಪ್ರಕಾರ ಇಟ್ಟುಕೊಳ್ಳುವುದು, ವರ್ಷಕ್ಕೊಮ್ಮೆ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ರಟ್ಟು ಕಟ್ಟಿಸುವುದು ಒಬ್ಬ ಗ್ರಂಥಪಾಲಕನ ಅರ್ಧ ಗಂಟೆಯ ನಿತ್ಯದ ಕೆಲಸ. ಸರಕಾರಿ ಜಾಹೀರಾತು ಬಯಸುವ ಪತ್ರಿಕೆಗೆ ಈ ಸಲ್ಲಿಕೆಯನ್ನೇ ಷರತ್ತಾಗಿಸಿದರೆ ಕಡತಕ್ಕಷ್ಟೇ ಅಚ್ಚಾಗುವ ಪ್ರತಿಗಳ ಕಥೆಯೂ ಬಯಲಾಗುತ್ತದೆ, ನಿಜವಾಗಿ ದುಡಿಯುವವರ ಶ್ರಮವೂ ದಾಖಲಾಗುತ್ತದೆ. ನ್ಯಾಯಾಲಯದ ಸಮನ್ಸು, ಭೂಸ್ವಾಧೀನದ ಅಧಿಸೂಚನೆ ಯಾವ ದಿನ ಯಾವ ಪುಟದಲ್ಲಿ ಬಂದಿತ್ತೆಂದು ಮುಂದೊಂದು ದಿನ ಕೇಳುವ ರೈತನ ಮೊಮ್ಮಗನಿಗೆ ತೋರಿಸಲು ಒಂದು ಕಪಾಟು ಇರುತ್ತದೆ. ಆ ಪುಟ ಕಾಗದದಲ್ಲಿ ಅಚ್ಚಾಗಿತ್ತೋ ತೆರೆಯ ಮೇಲೆ ಮೂಡಿತ್ತೋ ಎಂಬುದು ಅವನಿಗೆ ಮುಖ್ಯವಾಗದು. ದಿನಾಂಕ, ಊರು, ಮತ್ತು ಕೆಳಗಿನ ಆ ಒಂದು ಸಾಲು ಇರಬೇಕು.